ಗೋಡೆಯನ್ನೂ ಓದಬೇಕು, ಕಾಗದವನ್ನೂ ಓದಬೇಕು

2020ರ ಜನವರಿ 11ರ ಬೆಳಿಗ್ಗೆ ಕೊಚ್ಚಿಯ ಮರಡಿನಲ್ಲಿ, ಹಿನ್ನೀರಿನ ದಂಡೆಯ ಮೇಲಿದ್ದ ಹೋಲಿ ಫೇಯ್ತ್ ಎಚ್‌ಟುಓ ಎಂಬ ಬಹುಮಹಡಿ ವಸತಿ ಕಟ್ಟಡ ಕೆಲವೇ ಸೆಕೆಂಡುಗಳಲ್ಲಿ ಕುಸಿದು ದೂಳಾಯಿತು. ಅದರ ಬೆನ್ನಿಗೇ ಆಲ್ಫಾ ಸೆರೀನ್‌ನ ಜೋಡಿ ಗೋಪುರಗಳು ಬಿದ್ದವು. ಮರುದಿನ ಜೈನ್ ಕೋರಲ್ ಕೋವ್, ಗೋಲ್ಡನ್ ಕಾಯಲೋರಂ ಸರದಿ. ನಾಲ್ಕು ಸಂಕೀರ್ಣಗಳಲ್ಲಿ ಸೇರಿ ಮುನ್ನೂರಕ್ಕೂ ಹೆಚ್ಚು ಫ್ಲ್ಯಾಟುಗಳಿದ್ದವು. ಅವನ್ನು ಕೆಡವಿದ್ದು ಶಿಥಿಲವಾಗಿದ್ದವೆಂದು ಅಲ್ಲ. ಕಂಬಗಳಿಗೆ ತೂತು ಕೊರೆದು ನೂರಾರು ಕಿಲೋ ಸ್ಫೋಟಕ ತುಂಬಿದ ಮೇಲಷ್ಟೇ ಅವು ಜಗ್ಗಿದವು. ದೋಷವಿದ್ದದ್ದು ಅನುಮತಿಯಲ್ಲಿ. 2006ರಲ್ಲಿ ಆಗಿನ ಮರಡು ಪಂಚಾಯಿತಿ ಕೊಟ್ಟ ಪರವಾನಗಿಗೆ ಕರಾವಳಿ ನಿಯಂತ್ರಣ ವಲಯದ ನಿಯಮದ ಪ್ರಕಾರ ಬೇಕಿದ್ದ ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸುಪ್ರೀಂ ಕೋರ್ಟು ಕೆಡವಲು ಆದೇಶಿಸಿದಾಗ, ಬ್ಯಾಂಕ್ ಸಾಲ ತೀರಿಸುತ್ತ, ಕಂದಾಯ ಕಟ್ಟುತ್ತ ಅಲ್ಲಿ ನೆಲೆಸಿದ್ದವರಿಗೆ ಕಾಲ ಕೆಳಗಿನ ನೆಲವೇ ಹೋಯಿತು.

ಐದು ವರ್ಷದ ಬಳಿಕ ಅದೇ ಊರಿನಲ್ಲಿ ಕಥೆ ತಿರುಗುಮುರುಗಾಯಿತು. ವೈಟಿಲದ ಸಿಲ್ವರ್ ಸ್ಯಾಂಡ್ ದ್ವೀಪದಲ್ಲಿ ಆರ್ಮಿ ವೆಲ್ಫೇರ್ ಹೌಸಿಂಗ್ ಆರ್ಗನೈಸೇಷನ್ ಕಟ್ಟಿಸಿದ ಚಂದರ್ ಕುಂಜ್ ಸಂಕೀರ್ಣದ ಫ್ಲ್ಯಾಟುಗಳು ಸೈನಿಕರ, ನಿವೃತ್ತ ಸೈನಿಕರ ಕೈಸೇರಿದ್ದು 2018ರಲ್ಲಿ. ಬಹಳ ದಿನ ಕಳೆಯುವ ಮೊದಲೇ ತೊಲೆ, ಕಂಬ, ಸ್ಲ್ಯಾಬುಗಳಿಂದ ಕಾಂಕ್ರೀಟು ಕಳಚಿ ಬೀಳತೊಡಗಿತು. ಕಾಂಕ್ರೀಟಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಇರುವುದು ಪರೀಕ್ಷೆಯಲ್ಲಿ ಕಂಡಿತು. ಮೂರು ಗೋಪುರಗಳಲ್ಲಿ ಬಿ ಮತ್ತು ಸಿ ಗೋಪುರಗಳನ್ನು ಕೆಡವಿ ಹೊಸದಾಗಿ ಕಟ್ಟಿಕೊಡಬೇಕೆಂದು 2025ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟು ಆದೇಶಿಸಿತು. ಅಲ್ಲಿಯವರೆಗೆ ಅಲ್ಲಿನ 208 ಮನೆಗಳವರಿಗೆ ತಿಂಗಳಿಗೆ 21,000ದಿಂದ 23,000 ರೂಪಾಯಿ ಬಾಡಿಗೆ ಕೊಡಬೇಕೆಂದೂ ಹೇಳಿತು.

ಮರಡಿನಲ್ಲಿ ಗೋಡೆ ಗಟ್ಟಿಯಾಗಿತ್ತು, ಕಾಗದ ಹುಳುಕಾಗಿತ್ತು. ವೈಟಿಲದಲ್ಲಿ ನಂಬಿಕಸ್ಥ ಸಂಸ್ಥೆಯ ಹೆಸರಿತ್ತು, ಗೋಡೆಯೇ ಹುಳುಕಾಗಿತ್ತು. ಕೇರಳದಲ್ಲಿ ಮನೆ ಕೊಳ್ಳುವ ಮುನ್ನ ತಪಾಸಣೆ ಎಂದರೆ ಈ ಎರಡೂ ಸೇರಿದ್ದು. ಹೆಚ್ಚಿನವರು ಒಂದನ್ನು ವಕೀಲರಿಗೆ ವಹಿಸಿ, ಇನ್ನೊಂದನ್ನು ಕಣ್ಣಳತೆಗೆ ಬಿಟ್ಟುಬಿಡುತ್ತಾರೆ.

ಈ ಮಾತು ಕನ್ನಡಿಗರಿಗೆ ದೂರದ್ದೇನಲ್ಲ. ಕಾಸರಗೋಡಿನ ಕನ್ನಡಿಗರಿಗೆ ಸರ್ಕಾರಿ ನೌಕರಿಯ ದಾರಿ ತಿರುವನಂತಪುರಕ್ಕೆ ಹೋಗುತ್ತದೆ. ಅಲ್ಲಿನ ಟೆಕ್ನೋಪಾರ್ಕಿಗೂ ಕೊಚ್ಚಿ ಕಾಕ್ಕನಾಡಿನ ಇನ್ಫೋಪಾರ್ಕಿಗೂ ಕರ್ನಾಟಕದಿಂದ ಕೆಲಸಕ್ಕೆ ಹೋಗಿ ನೆಲೆಯೂರುವವರಿದ್ದಾರೆ. ಇಂಥವರು ಮನೆ ನೋಡಲು ಹೊರಟಾಗ ದಾಖಲೆ ಮಲಯಾಳದಲ್ಲಿರುತ್ತದೆ, ಮಣ್ಣು ಮಳೆಗಳ ಸ್ವಭಾವ ಬೇರೆ ಇರುತ್ತದೆ, ಕೇಳಿ ತಿಳಿಯಲು ನೆಂಟರಿಷ್ಟರು ಇರುವುದಿಲ್ಲ. ತಪಾಸಣೆಯ ವರದಿಯನ್ನು ಸರಿಯಾಗಿ ಓದುವ ಅಗತ್ಯ ಅವರಿಗೇ ಎಲ್ಲರಿಗಿಂತ ಹೆಚ್ಚು.

ಭಾರತದಲ್ಲಿ ಮನೆ ತಪಾಸಣೆಗೆಂದೇ ಪ್ರತ್ಯೇಕ ಸರ್ಕಾರಿ ಲೈಸೆನ್ಸ್ ಇಲ್ಲ. ತೇವಮಾಪಕ ಮತ್ತು ಥರ್ಮಲ್ ಕ್ಯಾಮೆರಾ ಕೊಂಡ ಯಾರು ಬೇಕಾದರೂ ಬೋರ್ಡು ಹಾಕಬಹುದು. ಹಾಗಾಗಿ ಮೊದಲ ಪ್ರಶ್ನೆ ಇದು: ವರದಿಗೆ ಸಹಿ ಹಾಕುವವರು ಸಿವಿಲ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರೇ? ಅವರಿಗೆ ಹಣ ಕೊಡುತ್ತಿರುವವರು ಯಾರು? ಮಾರುವವರೇ ಮಾಡಿಸಿಟ್ಟ ವರದಿಯನ್ನು ಮಾಹಿತಿಗಾಗಿ ಓದಬಹುದು, ನಂಬಿ ಅಡ್ವಾನ್ಸ್ ಕೊಡಲಾಗದು. ಬ್ರಿಟನ್ನಿನಲ್ಲಿ ಆರ್‌ಐಸಿಎಸ್ ಸಂಸ್ಥೆಯ ಸರ್ವೇಯರುಗಳು ಮನೆಯ ಪ್ರತಿ ಭಾಗಕ್ಕೂ 1, 2, 3 ಎಂದು ಅಂಕ ಹಾಕುತ್ತಾರೆ. 3 ಬಂದರೆ ಗಂಭೀರ ದೋಷ, ತಡಮಾಡಬಾರದು ಎಂದರ್ಥ. ನಮ್ಮಲ್ಲೂ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದ, ಪುಟಗಟ್ಟಲೆ ಫೋಟೊ ತುಂಬಿದ ವರದಿಗಳು ಬರತೊಡಗಿವೆ. ಕೆಲವರಂತೂ ಇಡೀ ಮನೆಗೆ ನೂರಕ್ಕೆ ಇಷ್ಟು ಎಂದು ಒಂದೇ ಅಂಕ ಕೊಡುತ್ತಾರೆ. ಆ ಒಂದು ಅಂಕವನ್ನು ಬದಿಗಿಡುವುದೇ ಒಳ್ಳೆಯದು. ಹತ್ತು ಸ್ವಿಚ್ಚು ಕೆಟ್ಟ ಮನೆಯೂ ಒಂದು ತೊಲೆ ಕೆಟ್ಟ ಮನೆಯೂ ಅಂಕದಲ್ಲಿ ಒಂದೇ ಆಗಿಬಿಡಬಹುದು.

ದೋಷಗಳ ಪಟ್ಟಿ ಉದ್ದವಿದೆಯೆಂದು ಹೆದರಬೇಕಿಲ್ಲ. ಹೊಸ ಮನೆಯಲ್ಲೂ ಹತ್ತಾರು ಸಾಲು ಬರುತ್ತವೆ. ಒಂದೊಂದು ಸಾಲಿಗೂ "ಇದಕ್ಕೆ ಕಾರಣವೇನು?" ಎಂದು ಕೇಳುತ್ತ ಹೋಗಬೇಕು. ಕೇರಳದಲ್ಲಿ ಹಾಗೆ ಕೇಳಿದರೆ ಹತ್ತರಲ್ಲಿ ಹೆಚ್ಚಿನ ಸಾಲುಗಳು ನೀರಿಗೆ ಹೋಗಿ ನಿಲ್ಲುತ್ತವೆ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ತಿರುವನಂತಪುರದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ, ಆದರೆ ಅಲ್ಲಿ ತುಲಾ ಮಾಸದ ಗುಡುಗು ಮಳೆಯ ಪಾಲು ದೊಡ್ಡದು.

ವರದಿಯ ತುಂಬ ನೀಲಿ, ಕಿತ್ತಳೆ ಬಣ್ಣದ ಥರ್ಮಲ್ ಚಿತ್ರಗಳಿರುತ್ತವೆ. ಗೋಡೆಯ ನೀಲಿ ಭಾಗ ತೋರಿಸಿ "ಇಲ್ಲಿ ನೀರಿದೆ" ಎನ್ನುತ್ತಾರೆ. ಆ ಕ್ಯಾಮೆರಾಕ್ಕೆ ನೀರು ಕಾಣುವುದಿಲ್ಲ, ಕಾಣುವುದು ಉಷ್ಣತೆ. ತೇವ ಆರುವಾಗ ಗೋಡೆ ತಣ್ಣಗಾಗುತ್ತದೆ, ಅದಕ್ಕೇ ನೀಲಿ. ಎಸಿ ಗಾಳಿ ಬಡಿಯುವ ಗೋಡೆಯೂ ನೀಲಿಯಾಗಿಯೇ ಕಾಣುತ್ತದೆ. ಆದ್ದರಿಂದ ಅದೇ ಜಾಗಕ್ಕೆ ತೇವಮಾಪಕ ಇಟ್ಟು ನೋಡಿರಬೇಕು. ಆ ಮಾಪಕಕ್ಕೂ ಒಂದು ಮಿತಿಯಿದೆ: ಎರಡು ಸೂಜಿಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅದು ಅಳೆಯುತ್ತದೆ, ಮತ್ತು ಗಾರೆಯಲ್ಲಿ ಉಪ್ಪಿದ್ದರೆ ಹೆಚ್ಚು ತೇವವಿಲ್ಲದ ಗೋಡೆಯೂ ದೊಡ್ಡ ಅಂಕಿ ತೋರಿಸುತ್ತದೆ. ಹಿನ್ನೀರಿನ ಪಕ್ಕದ ಕೊಚ್ಚಿಯಲ್ಲಿ ಇದು ಸಣ್ಣ ಮಾತಲ್ಲ. ಒಂಟಿ ಅಂಕಿಗಿಂತ ಅಂಕಿಗಳ ಓಟ ಮುಖ್ಯ. ನೆಲದ ಹತ್ತಿರ ಹೆಚ್ಚಿದ್ದು ಮೇಲೇರಿದಂತೆ ಇಳಿದು, ಸೊಂಟದೆತ್ತರದಲ್ಲಿ ನಿಂತುಹೋದರೆ ತೇವ ಪಾಯದಿಂದ ಏರುತ್ತಿದೆ. ಸೂರಿನ ಬಳಿ ಹೆಚ್ಚಿದ್ದರೆ ತಾರಸಿಯದು. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ದುಂಡಗೆ ಹರಡಿದ್ದರೆ ಪೈಪು ಅಥವಾ ಟೈಲ್ಸ್ ಸಂದು. ಪೈಪು ಒಂದೆರಡು ದಿನದ ಕೆಲಸ. ಪಾಯದಿಂದ ಏರುವ ತೇವಕ್ಕೆ ಬಣ್ಣ ಬಳಿದರೆ ಒಂದು ಮಳೆಗಾಲವೂ ತಡೆಯದು.

ವೈಪಿನ್ ದ್ವೀಪದ ಎಡವನಕ್ಕಾಡ್, ಅತ್ತ ಏಳಿಕ್ಕರ, ಇತ್ತ ಕುಂಬಳಂಗಿ, ಚೆಲ್ಲಾನಂ ಕಡೆ ಇನ್ನೊಂದು ತೊಂದರೆಯಿದೆ. ಅಲ್ಲಿನವರು ಅದನ್ನು ವೇಲಿಯೇಟ್ಟಂ ಎನ್ನುತ್ತಾರೆ. ಮಳೆಯ ಹಂಗಿಲ್ಲದೆ, ಬೇಸಿಗೆಯ ತಿಂಗಳುಗಳಲ್ಲೇ ಭರತದ ಉಪ್ಪುನೀರು ತೋಡು ತುಂಬಿ ಅಂಗಳಕ್ಕೆ, ಅಡುಗೆಮನೆಗೆ ಬರುತ್ತದೆ. ಇಳಿತದಲ್ಲಿ ನೀರು ಹಿಂದೆ ಹೋದರೂ ಉಪ್ಪು ಗೋಡೆಯಲ್ಲೇ ಉಳಿಯುತ್ತದೆ. ಅದು ಹರಳುಗಟ್ಟುವಾಗ ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಅಂಥ ಮನೆಯಲ್ಲಿ ಅಂಗೈ ಉಜ್ಜಿದರೆ ಬಿಳಿಪುಡಿ ಅಂಟುತ್ತದೆ. ಹೊಸದಾಗಿ ಪುಟ್ಟಿ ಹಚ್ಚಿ, ಕೆಳಗಿನ ಎರಡಡಿಗೆ ಟೈಲ್ಸ್ ಅಂಟಿಸಿದ್ದರೆ ಯಾಕೆ ಎಂದು ಕೇಳಲೇಬೇಕು.

ಅದೇ ಉಪ್ಪು ಕಾಂಕ್ರೀಟಿನೊಳಗೆ ಸೇರಿದರೆ ಅಪಾಯ ಇನ್ನೂ ದೊಡ್ಡದು, ಮತ್ತು ವರದಿಯ ಅತಿ ಮುಖ್ಯ ಪುಟ ಇರುವುದು ಇಲ್ಲಿ. ಒಳ್ಳೆಯ ಕಾಂಕ್ರೀಟು ತೀವ್ರ ಕ್ಷಾರೀಯ. ಆ ಕ್ಷಾರ ಕಬ್ಬಿಣದ ಸರಳಿನ ಮೇಲೆ ತೆಳುವಾದ ರಕ್ಷಾಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕ್ಲೋರೈಡ್ ಆ ಪದರವನ್ನೇ ತೂತು ಮಾಡುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಸುತ್ತಲ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸಾಮಾನ್ಯ ಸರಳಿನ ಕಾಂಕ್ರೀಟಿಗೆ ಒಂದು ಘನ ಮೀಟರಿಗೆ 0.6 ಕಿಲೋ ಕ್ಲೋರೈಡೇ ಮಿತಿ ಎಂದು 2000ನೇ ಇಸವಿಯ ಐಎಸ್ 456 ಸಂಹಿತೆ ಹೇಳುತ್ತದೆ. ಸರಳಿನ ಮೇಲೆ ಹೊದಿಕೆಯಾಗಿ ಇರಬೇಕಾದ ಕಾಂಕ್ರೀಟು ಸಾಧಾರಣ ಜಾಗದಲ್ಲಿ 20 ಮಿಲಿಮೀಟರ್ ಸಾಕಾದರೆ, ತೀವ್ರ ಹವೆಗೆ ಒಡ್ಡಿದ ಕಡೆ 45 ಬೇಕು. ಸರಿಯಾಗಿ ತೊಳೆಯದ ಉಪ್ಪು ಮರಳು, ಸಪ್ಪೆ-ಉಪ್ಪು ಬೆರೆತ ಬಾವಿ ನೀರು, ತೆಳುವಾದ ಹೊದಿಕೆ: ಇವು ಕೂಡಿದರೆ ಮನೆಯ ಆಯುಸ್ಸು ಕಟ್ಟುವಾಗಲೇ ಕುಗ್ಗಿರುತ್ತದೆ.

ಇದನ್ನು ಮೊದಲು ಹೇಳುವುದು ಕಿಟಕಿಯ ಮೇಲಿನ ಸಜ್ಜಾ. ಅದು ತೆಳು, ಮೇಲೂ ಕೆಳಗೂ ಮಳೆಗಾಳಿಗೆ ಒಡ್ಡಿಕೊಂಡಿರುತ್ತದೆ, ಸರಳು ಹೊರಮೈಗೆ ಹತ್ತಿರವಿರುತ್ತದೆ. ಮನೆಯೊಳಗೆ ಎಲ್ಲವೂ ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದರೂ, ಹಿತ್ತಲಿಗೆ ಹೋಗಿ ಕತ್ತೆತ್ತಿ ಸಜ್ಜಾದ ಅಡಿ ನೋಡಿದರೆ ಕಂದು ಕಲೆ, ಸರಳಿನ ನೇರಕ್ಕೇ ಓಡಿದ ಬಿರುಕು, ಒಂದು ಕಡೆ ಹೊಟ್ಟೆ ಉಬ್ಬಿದ ಗಾರೆ ಕಾಣಸಿಗಬಹುದು. ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ಅದೇ ಲಕ್ಷಣ ತೊಲೆಯಲ್ಲೋ ಕಾರು ನಿಲ್ಲಿಸುವ ಕಡೆಯ ಕಂಬದಲ್ಲೋ ಕಂಡರೆ, ಫೋಟೊ ವರದಿ ಸಾಲದು, ಪರೀಕ್ಷೆಗೆ ಹಣ ಖರ್ಚು ಮಾಡಬೇಕು.

ಪರೀಕ್ಷೆಗಳಲ್ಲೂ ಯಾವುದು ಏನನ್ನು ಹೇಳುತ್ತದೆ ಎಂದು ತಿಳಿದಿರಬೇಕು. ರೀಬೌಂಡ್ ಹ್ಯಾಮರ್ ಹೇಳುವುದು ಮೇಲ್ಮೈಯ ಗಡಸು ಎಷ್ಟೆಂದು ಮಾತ್ರ. ಕಾಂಕ್ರೀಟಿನ ಚೂರು ಕೆತ್ತಿ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಆ ಆಳದವರೆಗೆ ಕ್ಷಾರ ಕಳೆದುಹೋಗಿದೆ. ಬಹಳ ಜನ ಗುಲಾಬಿ ಕಂಡು ನೆಮ್ಮದಿಯಾಗುತ್ತಾರೆ. ಆದರೆ ಉಪ್ಪು ಗುಲಾಬಿ ಕಾಂಕ್ರೀಟಿನಲ್ಲೂ ಇರಬಹುದು. ಕ್ಲೋರೈಡ್ ಪತ್ತೆಯಾಗುವುದು ಕೊರೆದು ತೆಗೆದ ಪುಡಿಯನ್ನು ಲ್ಯಾಬಿಗೆ ಕಳಿಸಿದಾಗಲೇ. ಸರಳು ತುಕ್ಕು ಹಿಡಿಯುತ್ತಿದೆಯೇ ಎಂಬುದಕ್ಕೆ ಹಾಫ್-ಸೆಲ್ ಪರೀಕ್ಷೆಯಿದೆ. ಫ್ಲ್ಯಾಟು ಕೊಳ್ಳುವವರು ಈ ಪರೀಕ್ಷೆಗಳನ್ನು ತಮ್ಮ ನಾಲ್ಕು ಗೋಡೆಗೆ ಮಾತ್ರ ಮಾಡಿಸಿ ಪ್ರಯೋಜನವಿಲ್ಲ. ಇಡೀ ಗೋಪುರ ಒಂದೇ ಮೈ. ನೆಲಮಾಳಿಗೆಯ ಕಂಬಗಳು, ತಾರಸಿಯ ನೀರಿನ ಟ್ಯಾಂಕಿನ ಅಡಿ, ನಿವಾಸಿಗಳ ಸಂಘದ ಸಭೆಯ ನಡಾವಳಿ ಪುಸ್ತಕ ನೋಡಬೇಕು. ದುರಸ್ತಿಗೆಂದು ವಿಶೇಷ ಚಂದಾ ಎತ್ತಿದ್ದಾರೆಯೇ ಎಂಬುದು ಆ ಪುಸ್ತಕದಲ್ಲಿರುತ್ತದೆ.

ಬಿರುಕಿನ ವಿಷಯದಲ್ಲಿ ಜನ ಹೆದರುವುದೇ ಬೇರೆ, ಹೆದರಬೇಕಾದದ್ದೇ ಬೇರೆ. ಗಾರೆಯ ಮೇಲೆ ಬಲೆಯಂತೆ ಹಬ್ಬಿದ ಕೂದಲೆಳೆ ಬಿರುಕು ಗಾರೆ ಒಣಗುವಾಗ ಆದದ್ದು. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೆಟ್ಟಗೆ ಇಳಿದ ಗೆರೆ ಎರಡು ವಸ್ತುಗಳ ಹಿಗ್ಗು-ಕುಗ್ಗು ಬೇರೆಯಾದ್ದರಿಂದ ಬಂದದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಮುರಕಲ್ಲಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಒಂದು ತುದಿ ಅಗಲವಾಗುತ್ತ ಹೋಗುವ ಬಿರುಕು ಪಾಯ ಕುಸಿಯುತ್ತಿರುವ ಸೂಚನೆ. ಮುಖಮಂಟಪ ಮನೆಯಿಂದ ಬಿಟ್ಟುಕೊಂಡಿದ್ದರೆ, ಕಾಂಪೌಂಡು ಗೋಡೆ ಹೊರಕ್ಕೆ ವಾಲಿದ್ದರೆ ಸಂಶಯ ಗಟ್ಟಿಯಾಗುತ್ತದೆ.

ಕೊಚ್ಚಿಯ ಬಹುಭಾಗದ ಅಡಿಯಲ್ಲಿರುವುದು ಮೆತ್ತನೆಯ ಸಮುದ್ರ ಜೇಡಿ. ಬಂಡೆ ಸಿಗಲು ಹತ್ತಾರು ಮೀಟರ್ ಇಳಿಯಬೇಕು. ದೊಡ್ಡ ಸಂಸ್ಥೆಗಳಿಗೂ ಇಲ್ಲಿ ಲೆಕ್ಕ ತಪ್ಪಿದೆ: 2022ರಲ್ಲಿ ಪತ್ತಡಿಪ್ಪಾಲದ ಬಳಿ ಕೊಚ್ಚಿ ಮೆಟ್ರೊದ 347ನೇ ಕಂಬದಲ್ಲಿ ವಾಲಿಕೆ ಕಂಡು ಪರೀಕ್ಷಿಸಿದಾಗ, ಅದರ ಪೈಲುಗಳು ಬಂಡೆಗೆ ತಾಗಿರಲಿಲ್ಲವೆಂದು ತಿಳಿಯಿತು, ಹೆಚ್ಚುವರಿ ಪೈಲು ಹೊಡೆದು ಬಲಪಡಿಸಬೇಕಾಯಿತು.  ಇಂಥ ಊರಿನಲ್ಲಿ ಗದ್ದೆಗೆ ಕೆಮ್ಮಣ್ಣು ತುಂಬಿ, ಎರಡು ಮಳೆಗಾಲವನ್ನೂ ಕಾಯದೆ ಕಟ್ಟಿದ ಮನೆ ಕೂರುತ್ತಲೇ ಇರುತ್ತದೆ. ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂದು ಒಂದು ಭೇಟಿಯಲ್ಲಿ ಯಾರೂ ಹೇಳಲಾರರು. ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು, ಕೆಲವು ವಾರ ಬಿಟ್ಟು ನೋಡಬೇಕು. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಅದೂ ಒಂದು ಮಾಹಿತಿಯೇ.

ತಿರುವನಂತಪುರದ ದಿಣ್ಣೆಗಳಲ್ಲಿ ನೆಲ ಗಟ್ಟಿ. ಆದರೆ ಅಲ್ಲಿ ತಪಾಸಣೆಗಾರ ಎಡವುವ ಬೇರೊಂದು ಜಾಗವಿದೆ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಈ ನಗರದ ನಾಲಾಂಚಿರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದವರು. ಅವರ ದಾರಿಯಲ್ಲಿ 1985ರಲ್ಲಿ ಹುಟ್ಟಿದ ಕಾಸ್ಟ್‌ಫರ್ಡ್ ಸಂಸ್ಥೆ ಕಟ್ಟಿದ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಅವು ಈಗ ಮರುಮಾರಾಟಕ್ಕೆ ಬರುತ್ತಿವೆ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್-ಟ್ರ್ಯಾಪ್ ಗೋಡೆಯನ್ನು ತಟ್ಟಿದರೆ ಟೊಳ್ಳು ಸದ್ದೇ ಬರುವುದು. ಮಂಗಳೂರು ಹೆಂಚನ್ನು ಹೊಟ್ಟೆಯಲ್ಲಿಟ್ಟು ಎರಕ ಹೊಯ್ದ ಫಿಲ್ಲರ್ ಸ್ಲ್ಯಾಬಿನದೂ ಅದೇ ಪಾಡು. ಇದನ್ನರಿಯದವರು ಮನೆಯ ತುಂಬ ಕೆಂಪು ಗುರುತು ಹಾಕಿಬಿಡಬಹುದು. ನಿಜಕ್ಕೂ ಗಾರೆಯಿಲ್ಲದ ಇಟ್ಟಿಗೆ ಗೋಡೆ ಕೊಳ್ಳುವವನಿಗೆ ಉಪಕಾರಿ. ತೇವ, ಬಿರುಕು, ಗೆದ್ದಲಿನ ಮಣ್ಣುದಾರಿ ಯಾವುದನ್ನೂ ಅದು ಮುಚ್ಚಿಡಲಾರದು. ಅಲ್ಲಿ ನೋಡಬೇಕಾದದ್ದು ಸಂದಿನ ಗಾರೆ, ಸೂರಿನ ಚಾಚು, ಮತ್ತು ಹಿಂದಿನ ಮಾಲೀಕರು ತಿಳಿಯದೆ ಗೋಡೆಗೆ ಹೊಡೆದ ಹೊಸ ತೂತುಗಳು.

ಅದೇ ನಗರದ ತಗ್ಗುಗಳ ಮಾತು ಬೇರೆ. 2023ರ ಅಕ್ಟೋಬರ್ ಮಧ್ಯದಲ್ಲಿ ಒಂದೇ ರಾತ್ರಿಯ ಮಳೆಗೆ ತೆಟ್ಟಿಯಾರ್, ಆಮಯಿಳಂಜಾನ್ ತೋಡುಗಳು ಉಕ್ಕಿ, ಕಳಕ್ಕೂಟಂ, ಗೌರೀಶಪಟ್ಟಂ ಕಡೆಯ ಮನೆಗಳಿಗೆ ನೀರು ನುಗ್ಗಿತು, ಟೆಕ್ನೋಪಾರ್ಕಿನ ಆಸುಪಾಸೂ ಮುಳುಗಿತು. 2018ರ ಆಗಸ್ಟಿನ ನೆರೆಯಲ್ಲಿ ಆಲುವಾ ಕಡೆ ಪೆರಿಯಾರ್ ಉಕ್ಕಿ, ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಫೆಬ್ರವರಿಯಲ್ಲಿ ಮಾಡಿದ ತಪಾಸಣೆಯಲ್ಲಿ ನೀರು ಕಾಣುವುದಿಲ್ಲ, ನೀರಿನ ಗುರುತು ಕಾಣುತ್ತದೆ. ನೆಲಮಹಡಿಯ ಪ್ಲಗ್ಗುಗಳೆಲ್ಲ ಎದೆಮಟ್ಟಕ್ಕೆ ಏರಿವೆಯೇ? ಪಂಪಿನ ಮೋಟಾರು ಕಟ್ಟೆಯ ಮೇಲೆ ಕೂತಿದೆಯೇ? ಬಾಗಿಲ ಚೌಕಟ್ಟಿನ ಬುಡ ಕತ್ತರಿಸಿ ಬೇರೆ ಮರ ಜೋಡಿಸಿದ್ದಾರೆಯೇ? ಕೈಲಾದರೆ ಕರ್ಕಾಟಕ ಮಾಸದಲ್ಲಿ, ನಮ್ಮ ಕರಾವಳಿಯವರ ಆಟಿಯಲ್ಲಿ, ಮಳೆ ಹೊಯ್ಯುತ್ತಿರುವಾಗಲೇ ಒಮ್ಮೆ ಹೋಗಿ ಬರಬೇಕು. ಬೀದಿ ಮೂಲೆಯ ಚಹದಂಗಡಿಯಲ್ಲಿ ಕೇಳಿದರೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂತೆಂದು ಕೈ ಅಳತೆಯಲ್ಲಿ ತೋರಿಸುತ್ತಾರೆ.

ವಿದ್ಯುತ್ತಿಗೆ ಅರ್ತಿಂಗ್ ಅಳತೆ, ಸೋರುವ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿ ಒತ್ತಿ ನೋಡುವುದು ಸಾಕು. ಬಾವಿಯ ನೀರನ್ನು ಮಾತ್ರ ಲ್ಯಾಬಿಗೆ ಕೊಡಲೇಬೇಕು. ಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 7.5 ಮೀಟರ್ ಅಂತರ ಬೇಕೆಂದು ಕೇರಳದ ಕಟ್ಟಡ ನಿಯಮವಿದೆ. ನಾಲ್ಕೈದು ಸೆಂಟ್ಸ್ ಜಾಗದಲ್ಲಿ ತಮ್ಮ ಗುಂಡಿ ದೂರವಿದ್ದರೂ ಕಾಂಪೌಂಡಿನ ಆಚೆ ನೆರೆಯವರ ಗುಂಡಿ ಹತ್ತಿರವಿರಬಹುದು. ಟೇಪು ಅಲ್ಲಿಗೂ ಹಿಡಿಯಬೇಕು.

ಇನ್ನು ತಪಾಸಣೆಗಾರ ಮುಟ್ಟದ ಭಾಗ. ಕರ್ನಾಟಕದಿಂದ ಹೋದವರು ಕ್ರಯಪತ್ರ, ಋಣಭಾರ ಪತ್ರ, ಕಂದಾಯ ರಸೀದಿ ಕೇಳುವುದನ್ನು ಬಲ್ಲರು. ಕೇರಳದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಜಮೀನಿನ ಮೂಲ ತೆರಿಗೆ ರಿಜಿಸ್ಟರಿನಲ್ಲಿ 'ನಿಲಂ' ಎಂದಿದೆಯೋ 'ಪುರಯಿಡಂ' ಎಂದಿದೆಯೋ ಎಂಬುದು. ನಿಲಂ ಎಂದರೆ ಗದ್ದೆ, ಪುರಯಿಡಂ ಎಂದರೆ ಮನೆಹಿತ್ತಲು. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗದ್ದೆಯನ್ನು ಮನಬಂದಂತೆ ತುಂಬುವಂತಿಲ್ಲ. ಪ್ರತಿ ಸ್ಥಳೀಯ ಸಂಸ್ಥೆಗೂ ಗದ್ದೆ, ಜೌಗುಗಳ ಡೇಟಾ ಬ್ಯಾಂಕ್ ಇದೆ. ಕಣ್ಣಿಗೆ ತೆಂಗಿನ ತೋಟದಂತೆ ಕಾಣುವ ಜಾಗ ದಾಖಲೆಯಲ್ಲಿ ಇನ್ನೂ ನಿಲಂ ಆಗಿದ್ದರೆ ಸಾಲ ಸಿಗುವುದೂ ಮುಂದೆ ಕೋಣೆ ಸೇರಿಸುವುದೂ ಕಷ್ಟ. ಹಿನ್ನೀರು, ಹೊಳೆ, ತೋಡಿನ ಬಳಿಯಾದರೆ ಕರಾವಳಿ ವಲಯದ ನಕ್ಷೆಯಲ್ಲಿ ಸರ್ವೆ ನಂಬರು ಎಲ್ಲಿದೆ, ಕಟ್ಟುವಾಗ ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇತ್ತೇ ಎಂದು ಬರಹದಲ್ಲೇ ಪಡೆಯಬೇಕು. ಬ್ಯಾಂಕು ಸಾಲ ಕೊಟ್ಟಿತು ಎಂಬುದು ಪುರಾವೆಯಲ್ಲ. ಮರಡಿನ ಮನೆಗಳಿಗೂ ಬ್ಯಾಂಕುಗಳು ಸಾಲ ಕೊಟ್ಟಿದ್ದವು.

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ 8, ನೋಂದಣಿ ಶುಲ್ಕ ಶೇ 2. ನೋಂದಣಿಯಾದ ಮರುದಿನ ದೋಷ ಕಂಡರೆ ಬೆಲೆಯ ಹತ್ತನೇ ಒಂದು ಭಾಗವಂತೂ ಆಗಲೇ ಖಜಾನೆ ಸೇರಿರುತ್ತದೆ. ಬಿಲ್ಡರಿಂದ ಹೊಸದಾಗಿ ಕೊಂಡವರಿಗೆ 2016ರ ರೇರಾ ಕಾಯ್ದೆಯ 14ನೇ ಕಲಮಿನ ಆಸರೆಯಿದೆ: ಕೈಗೆ ಬಂದ ಐದು ವರ್ಷದೊಳಗೆ ರಚನೆಯ ದೋಷ ತೋರಿಸಿದರೆ 30 ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಆದ್ದರಿಂದ ಐದನೇ ವರ್ಷ ಮುಗಿಯುವ ಮುನ್ನ ಮತ್ತೊಂದು ತಪಾಸಣೆ ಮಾಡಿಸುವುದು ಒಳ್ಳೆಯ ಲೆಕ್ಕ. ಒಬ್ಬ ಗೃಹಸ್ಥನಿಂದ ಹಳೆಯ ಮನೆ ಕೊಳ್ಳುವವರಿಗೆ ಮಾರುವವನ ಮೇಲೆ ಅಂಥ ಹಕ್ಕಿಲ್ಲ. ಅವರಿಗಿರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಅವನು ತಿಳಿಸಲೇಬೇಕು ಎನ್ನುತ್ತದೆ ಅದು. ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ: ಸಾಮಾನ್ಯ ಎಚ್ಚರದಲ್ಲಿ ಕಾಣಬಹುದಾಗಿದ್ದ ದೋಷದ ಹೊಣೆ ಕೊಳ್ಳುವವನ ಹೆಗಲಿಗೇ ಬೀಳುತ್ತದೆ.

ಹೀಗಾಗಿ ತಪಾಸಣೆ ಆಗಬೇಕಾದದ್ದು ಎಗ್ರಿಮೆಂಟಿಗೆ ಮುಂಚೆ. ಬ್ರೋಕರು ಅವಸರಪಡಿಸಿದರೆ ಚಿಕ್ಕ ಮೊತ್ತದ ಅಡ್ವಾನ್ಸ್ ಕೊಟ್ಟು, ವರದಿಯಲ್ಲಿ ರಚನೆಯ ದೋಷವೋ ದಾಖಲೆಯ ದೋಷವೋ ಬಂದರೆ ಹಣ ಹಿಂದಿರುಗಿಸಬೇಕೆಂಬ ಷರತ್ತನ್ನು ಬರೆಸಬೇಕು. ತಾರಸಿಯ ಸೋರಿಕೆ, ಬಚ್ಚಲಿನ ಪೈಪು, ಹಳೆಯ ವೈರಿಂಗು ಇವಕ್ಕೆ ಸ್ಥಳೀಯ ಮೇಸ್ತ್ರಿಯಿಂದ ಅಂದಾಜು ಪಟ್ಟಿ ತರಿಸಿ ಬೆಲೆಯಲ್ಲಿ ಕಡಿತ ಕೇಳಬಹುದು. ತೊಲೆಯಲ್ಲಿ ಉಪ್ಪು, ಬೆಳೆಯುತ್ತಿರುವ ಪಾಯದ ಬಿರುಕು, ನಿಲಂ ಎಂಬ ದಾಖಲೆ, ಕರಾವಳಿ ಒಪ್ಪಿಗೆಯಿಲ್ಲದ ಪರವಾನಗಿ ಈ ನಾಲ್ಕಕ್ಕೆ ಚೌಕಾಸಿ ಮಾಡುವ ಬದಲು ಬೇರೆ ಮನೆ ನೋಡುವುದು ಕ್ಷೇಮ. ಉಳಿದಂತೆ ಎಲ್ಲ ಸರಿಯಾಗಿ ವ್ಯವಹಾರ ಕುದುರಿದರೆ ವರದಿಯ ಪ್ರತಿಯನ್ನು ಎಗ್ರಿಮೆಂಟಿಗೆ ಲಗತ್ತಿಸಿ, ಯಾವ ದುರಸ್ತಿ ಯಾರ ಖರ್ಚಿನಲ್ಲಿ ಎಂದು ಬರೆದು, ಮಾರುವವರಿಂದ ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಳ್ಳಬೇಕು. ಕರಡು ಮಲಯಾಳದಲ್ಲಿದ್ದರೆ ಸಹಿಗೆ ಮೊದಲು ಅದನ್ನು ಸಾಲು ಸಾಲಾಗಿ ಓದಿಸಿ ಅರ್ಥ ಹೇಳಿಸಿಕೊಳ್ಳಬೇಕು. ಕಾಸರಗೋಡಿನಲ್ಲಿ ಎರಡೂ ಭಾಷೆ ಬಲ್ಲ ವಕೀಲರು ಸಿಗುತ್ತಾರೆ.